ಮಗ ಬೀದೀಲಿ ಮಲಗ್ತಾನೆ, ನಾನು ಹೇಗೆ ಇರ್ಲಿ?

ತುಮಕೂರು ಅಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ 29 ವರ್ಷ, ಡಿಪ್ಲೊಮಾ ಮಾಡಿ ಪೀಣ್ಯದಲ್ಲಿ ಕೆಲಸಕ್ಕಿದ್ದ. ಸ್ಕಿಜೋಫ್ರೇನಿಯಾ ಅನ್ನೋ ಮನಸ್ಸಿನ ಕಾಯಿಲೆ ಅಂದ್ರು ಡಾಕ್ಟ್ರು. ಮಾತ್ರೆ ತಗೊಳ್ತಿದ್ದಷ್ಟು ದಿನ ಚೆನ್ನಾಗಿದ್ದ, ಆಮೇಲೆ ಅದ್ರಲ್ಲಿ ವಿಷ ಹಾಕ್ತೀರ ಅಂತ ಬಿಟ್ಟ, ಹೋದ ವರ್ಷ ಯುಗಾದಿ ಆದ್ಮೇಲೆ ಮನೇನೂ ಬಿಟ್ಟ. ಈಗ ಮೆಜೆಸ್ಟಿಕ್ ಸುತ್ತಮುತ್ತ ಇರ್ತಾನೆ. ಹೋಗಿ ನೋಡಿದ್ರೆ ಒಂದೊಂದ್ಸಲ ಮಾತಾಡ್ತಾನೆ, ಒಂದೊಂದ್ಸಲ ನೀನ್ಯಾರು ಅಂತಾನೆ, ಮನೆಗೆ ಬಾ ಅಂದ್ರೆ ಎದ್ದು ಹೋಗಿಬಿಡ್ತಾನೆ. ನಮ್ಮ ಯಜಮಾನ್ರು ಅವನ ಹೆಸರೆತ್ತಬೇಡ ಅಂತಾರೆ, ಆದ್ರೆ ರಾತ್ರಿ ಬಾಗಿಲಿಗೆ ಚಿಲಕ ಹಾಕೋಕೆ ಬಿಡಲ್ಲ. ಮಳೆ ಬಂದ್ರೆ ನಂಗೆ ನಿದ್ದೆ ಇಲ್ಲ, ಬಿಸಿ ಅನ್ನ ಗಂಟ್ಲಲ್ಲಿ ಇಳಿಯಲ್ಲ. ನೆಂಟ್ರು ಕೇಳಿದ್ರೆ ಪುಣೆಯಲ್ಲಿದಾನೆ ಅಂತೀನಿ. ದುಡ್ಡು ಕೊಡ್ಬೇಕಾ ಬೇಡ್ವಾ? ಬಲವಂತವಾಗಿ ಆಸ್ಪತ್ರೆಗೆ ಸೇರಿಸ್ಬಹುದಾ?

ಶಿವಮೊಗ್ಗದ ಅಪ್ಪ:
ಅಮ್ಮ, ನಮ್ಮ ಮಗಂದು ಕುಡಿತ, ಆದ್ರೂ ಮಳೆ ರಾತ್ರಿ ನಮಗೂ ಹಂಗೇ. ಕೈಗೆ ದುಡ್ಡು ಕೊಡೋದು ನಿಲ್ಸಿದೀವಿ, ಹೋದಾಗ ಜೊತೇಲಿ ಕೂತು ಊಟ ಮಾಡ್ತೀವಿ, ಇಂದಿರಾ ಕ್ಯಾಂಟೀನಲ್ಲಿ 5-10 ರೂಪಾಯಿಗೆ ಹೊಟ್ಟೆ ತುಂಬುತ್ತೆ. ಹೊದಿಕೆ, ಚಪ್ಪಲಿ ಕೊಡ್ತೀವಿ, ನಮ್ಮ ನಂಬರ್ ಬರೆದಿರೋ ಚೀಟಿ ಲ್ಯಾಮಿನೇಟ್ ಮಾಡ್ಸಿ ಜೇಬಲ್ಲಿ ಇಡ್ತೀವಿ. ಪ್ರತಿ ಸಲ ಮನೆಗೆ ಬಾ ಅನ್ನೋದನ್ನ ಬಿಟ್ಟ ಮೇಲೆ ನಮ್ಮನ್ನ ನೋಡಿ ಓಡೋದು ಕಮ್ಮಿಯಾಯ್ತು. ನೀವು ಊಟ ಬಿಟ್ರೆ ಅವನ ಹೊಟ್ಟೆ ತುಂಬಲ್ಲ, ನಾಳೆ ಅವನು ಬಂದಾಗ ನೋಡ್ಕೊಳೋಕೆ ನಿಮ್ಗೆ ಶಕ್ತಿ ಬೇಕು.

ಆಸ್ಪತ್ರೆ ಸೋಶಿಯಲ್ ವರ್ಕರ್:
ಮೇಡಂ, ದಾರಿ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ನೋಡಿ. ಕಾಯಿಲೆಯಿಂದ ತನ್ನನ್ನ ತಾನೇ ನೋಡ್ಕೊಳೋಕಾಗ್ದೆ ಅಲೀತಿರೋರು ಸಿಕ್ಕಿದ್ರೆ ಪೊಲೀಸ್ರು ರಕ್ಷಣೆಗೆ ತಗೊಂಡು 24 ಗಂಟೆ ಒಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸ್ಬೇಕು, ಲಾಕಪ್ಪಲ್ಲಿ ಇಡೋ ಹಾಗಿಲ್ಲ. ಅವನು ಮಲಗೋ ಜಾಗದ ಠಾಣೆಗೆ ಫೋಟೋ, ಹಳೇ ಆಸ್ಪತ್ರೆ ಚೀಟಿಗಳ ಜೊತೆ ಬರವಣಿಗೇಲಿ ಅರ್ಜಿ ಕೊಡಿ, ಬಾಯಲ್ಲಿ ಹೇಳಿ ಬರಬೇಡಿ. ಬಲವಂತದ ದಾಖಲಾತಿ 89ನೇ ಸೆಕ್ಷನ್, ಅದು ಮನೆಯವ್ರು ಹೇಳಿದ ತಕ್ಷಣ ಆಗಲ್ಲ, ಒಬ್ರು ಮನೋವೈದ್ಯರು, ಇನ್ನೊಬ್ರು ಮಾನಸಿಕ ಆರೋಗ್ಯ ತಜ್ಞರು ಇಲ್ಲಾ ಡಾಕ್ಟ್ರು, ಇಬ್ರೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿ ಒಪ್ಬೇಕು, ಮೊದಲಿಗೆ 30 ದಿನದವರೆಗೆ. ಮಾತ್ರೆ ನುಂಗದವ್ರಿಗೆ ಎರಡು ವಾರಕ್ಕೋ ತಿಂಗಳಿಗೋ ಒಂದ್ಸಲ ಕೊಡೋ ಇಂಜೆಕ್ಷನ್ ಇದೆ, ಸೇರಿದ ಮೇಲೆ ಡಾಕ್ಟ್ರನ್ನ ಅದನ್ನೇ ಕೇಳಿ. ವಿಷದ ಮಾತು ಬಂದಾಗ ವಾದ ಮಾಡ್ಬೇಡಿ, ಭಯ ಆಗ್ತಿದೆಯಾ ಕಂದ ಅಂತ ಕೇಳಿ ಸಾಕು. ಮತ್ತೆ 14416, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅದು ಮಗನಿಗಷ್ಟೇ ಅಲ್ಲ, ನಿದ್ದೆ ಇಲ್ದಿರೋ ನಿಮಗೂ.

ಧಾರವಾಡದಾಕಿ:
ಅಕ್ಕಾರ, ನಮ್ಮ ಮಗಳಿಗೂ ಇದ ಬ್ಯಾನಿ ಐತ್ರಿ, ಇಲ್ಲೆ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ದಾಗ ತೋರಸ್ತೀವಿ. ಪುಣೆ ಅಂತ ಹೇಳೂದು ಬಿಡ್ರಿ. ನಾ ನಮ್ಮ ತಂಗಿಗೆ ಒಬ್ಬಾಕಿಗೆ ಖರೇ ಹೇಳಿದ್ಯಾ, ಅಕಿನ ನನ್ ಜೋಡಿ ಮಗಳನ್ನ ಹುಡುಕ್ಲಿಕ್ಕೆ ಬಂದ್ಲು. ಎಲ್ಲಾರಿಗೂ ಹೇಳಬ್ಯಾಡ್ರಿ, ಒಬ್ಬರಿಗೆ ಹೇಳ್ರಿ. ನಿಮ್ಮ ಯಜಮಾನ್ರೂ ಒಳಗ ಅಳಾಕತ್ತಾರ ನೋಡ್ರಿ, ಚಿಲಕದ ಮಾತು ಓದಿ ನನ್ ಕಣ್ಣಾಗ ನೀರು ಬಂತು.

ತುಮಕೂರು ಅಮ್ಮ:
ಎಲ್ರ ಉತ್ರಾನೂ ಯಜಮಾನ್ರಿಗೆ ಓದಿ ಹೇಳ್ದೆ. ಏನೂ ಮಾತಾಡ್ಲಿಲ್ಲ, ಎದ್ದು ಬೀರು ಮೇಲಿಂದ ಅವನ ಆಸ್ಪತ್ರೆ ಫೈಲ್ ಇಳಿಸಿಕೊಟ್ರು. ಸೋಮವಾರ ಇಬ್ರೂ ಠಾಣೆಗೆ ಹೋಗ್ತೀವಿ. ಡಿಸ್ಚಾರ್ಜ್ ಚೀಟಿ ಜೆರಾಕ್ಸ್ ಸಾಕಾ, ಒರಿಜಿನಲ್ಲೇ ಕೊಡ್ಬೇಕಾ?

ಆಸ್ಪತ್ರೆ ಸೋಶಿಯಲ್ ವರ್ಕರ್:
ಜೆರಾಕ್ಸ್ ಕೊಡಿ, ಒರಿಜಿನಲ್ ಆಸ್ಪತ್ರೇಲಿ ಬೇಕಾಗುತ್ತೆ. ಅರ್ಜಿ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿ ಮೇಲೆ ಸೀಲ್, ತಾರೀಖು ಹಾಕಿಸ್ಕೊಳಿ.