ಸಹಾಯ ಬೇಕು: ‘ಮನೆಯವರೆಲ್ಲರೂ’ ಅಂದರೆ ಕೂಸುಗಳೂ ಸೇರಿದವೇ?

ಶಿಶು ದೀಕ್ಷಾಸ್ನಾನದ (ಕೂಸುಗಳಿಗೆ ನೀರಿನ ದೀಕ್ಷೆ ಕೊಡುವುದರ) ಪರವಾಗಿ ಬೈಬಲಿನ ಅಪೊಸ್ತಲರ ಕೃತ್ಯಗಳು 16ರ ಸೆರೆಮನೆಯ ಅಧಿಕಾರಿಯ ಮನೆಯನ್ನು ತೋರಿಸುತ್ತಾರೆ; ಅವನೂ ಅವನ ಮನೆಯವರೆಲ್ಲರೂ ದೀಕ್ಷಾಸ್ನಾನ ಪಡೆದರು ಎಂದು ಅಲ್ಲಿದೆ. ಅಲ್ಲಿ ಕೂಸಿನ ಹೆಸರೇ ಇಲ್ಲ, ಇರಲಿಲ್ಲ ಎಂದೂ ಹೇಳಿಲ್ಲ. 32ನೇ ವಚನದಲ್ಲಿ ಅಪೊಸ್ತಲ ಪೌಲನೂ ಸಂಗಡಿಗ ಸೀಲನೂ ಮನೆಯಲ್ಲಿದ್ದ ಎಲ್ಲರಿಗೂ ದೇವರ ವಾಕ್ಯ ಸಾರಿದ್ದಾರೆ. ತೊಡಕಿರುವುದು 34ರಲ್ಲಿ. ಗ್ರೀಕ್ ಮೂಲದಲ್ಲಿ ‘ನಂಬಿದವನಾಗಿ’ ಎಂಬುದು ಏಕವಚನ; ‘ಮನೆಯವರೆಲ್ಲರೊಂದಿಗೆ’ ಎಂಬ ಒಂದೇ ಪದ ಅದಕ್ಕೂ ‘ಸಂತೋಷಪಟ್ಟನು’ ಎಂಬುದಕ್ಕೂ ನಡುವೆ ನಿಂತಿದೆ. ಅದು ಯಾವುದಕ್ಕೆ ಅಂಟುತ್ತದೆ: ಮನೆಯವರೆಲ್ಲರೂ ನಂಬಿದರೋ, ಸಂತೋಷಪಟ್ಟರೋ? ಗ್ರೀಕ್ ಬಲ್ಲವರು ದಯವಿಟ್ಟು ವ್ಯಾಕರಣ ಸಮೇತ ತಿಳಿಸಿ.

ಇನ್ನೊಂದು: ಪೌಲನ ಪತ್ರವಾದ ಕೊಲೊಸ್ಸೆ 2:11-12 ಸುನ್ನತಿಯನ್ನೂ ದೀಕ್ಷಾಸ್ನಾನವನ್ನೂ ಜೋಡಿಸುತ್ತದೆ. ಸುನ್ನತಿ ಗಂಡುಕೂಸಿಗೆ ಎಂಟನೇ ದಿನಕ್ಕೇ (ಆದಿಕಾಂಡ 17:12). ಆದರೆ ಪೌಲ ಅದೇ ಉಸಿರಿನಲ್ಲಿ ‘ನಂಬಿಕೆಯ ಮೂಲಕ’ ಎನ್ನುತ್ತಾನಲ್ಲ, ಇದನ್ನು ಶಿಶುವಿಗೆ ಹೇಗೆ ಅನ್ವಯಿಸುತ್ತೀರಿ?

ಮಾರ್ಕ 10:14-16 (ಮಕ್ಕಳನ್ನು ನನ್ನ ಬಳಿಗೆ ಬರಬಿಡಿರಿ ಎಂದು ಯೇಸು ಹೇಳುವ ಭಾಗ) ಬೇಡ. ಅಲ್ಲಿ ಆಶೀರ್ವಾದವಿದೆ, ನೀರಿಲ್ಲ.