ಬನ್ನೇರುಘಟ್ಟ ಇಎಸ್‌ಜೆಡ್‌ನಲ್ಲಿ ಸ್ವಂತ ಹೊಲ: ಮನೆ ಕಟ್ಟೋಕೆ ಕನ್ವರ್ಷನ್ ಬೇಕಾ?

ರಾಗಿಹೊಲ: ಆನೇಕಲ್ ತಾಲ್ಲೂಕಿನ ಕಾಡಂಚಿನ ಹಳ್ಳಿ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಇಎಸ್‌ಜೆಡ್ (ಪರಿಸರ ಸೂಕ್ಷ್ಮ ವಲಯ) ಇರುವ ಕಡೆ. ಪಹಣಿ ತಂದೆಯ ಹೆಸರಲ್ಲಿದೆ, ಒಟ್ಟು 1 ಎಕರೆ 20 ಗುಂಟೆ, ಅದರಲ್ಲಿ 3 ಗುಂಟೆ ಬಿ ಖರಾಬು. ನಾವು ಇದೇ ಊರಿನವರು. ವಾಸಕ್ಕೊಂದು ಮನೆ, ಹೋಂಸ್ಟೇಗೆ ಎರಡು ಕೋಣೆ ಕಟ್ಟಬೇಕು. ಒಬ್ಬರು ‘ಇಎಸ್‌ಜೆಡ್‌ನಲ್ಲಿ ಇಟ್ಟಿಗೆ ಇಡೋ ಹಾಗೂ ಇಲ್ಲ’ ಅಂತಾರೆ, ಇನ್ನೊಬ್ಬರು ‘ಕನ್ವರ್ಷನ್ (ಕೃಷಿಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿ ಕಟ್ಟಿ’ ಅಂತಾರೆ. ಯಾವುದು ಸರಿ?

ಹದ್ದುಬಸ್ತು: ಸರ್, ಮೊದಲು ನಿಮ್ಮ ಜಮೀನು ನಿಜವಾಗಿಯೂ ಇಎಸ್‌ಜೆಡ್ ಒಳಗಿದೆಯೇ ನೋಡಿ. 2020ರ ಮಾರ್ಚ್ 11ರ ಅಂತಿಮ ಅಧಿಸೂಚನೆಯಲ್ಲಿ ವಲಯದ ಅಗಲ ಎಲ್ಲ ಕಡೆ ಒಂದೇ ಅಲ್ಲ; ಉದ್ಯಾನದ ಗಡಿಯಿಂದ 100 ಮೀಟರ್‌ನಿಂದ 1 ಕಿಲೋಮೀಟರ್‌ವರೆಗೆ ಬದಲಾಗುತ್ತದೆ. ಹಿಂದಿನ ಕರಡಿನಲ್ಲಿ 268.96 ಚದರ ಕಿ.ಮೀ. ಇದ್ದದ್ದು ಅಂತಿಮವಾಗಿ 168.84ಕ್ಕೆ ಇಳಿಯಿತು. ಹಳೆಯ ಕರಡು ನಕ್ಷೆ ಹಿಡಿದು ಮಾತಾಡುವವರು ಇನ್ನೂ ಇದ್ದಾರೆ, ಅದನ್ನು ನಂಬಬೇಡಿ. ಅಧಿಸೂಚನೆಯ ಹಳ್ಳಿಗಳ ಪಟ್ಟಿಯಲ್ಲಿ ಊರಿನ ಹೆಸರು ಇದ್ದ ಮಾತ್ರಕ್ಕೆ ಊರಿನ ಎಲ್ಲ ಸರ್ವೆ ನಂಬರೂ ಒಳಗೆ ಅಂತ ಅಲ್ಲ.

ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ಹುಡುಕಿದರೆ ಅಂದಾಜು ಸಿಗುತ್ತದೆ, ಆದರೆ ಅದು ದಾಖಲೆ ಅಲ್ಲ. ಹದ್ದುಬಸ್ತಿಗೆ (ಜಮೀನಿನ ಗಡಿ ಅಳತೆಗೆ) ಅರ್ಜಿ ಹಾಕಿ, ಅಳತೆಯ ದಿನ ವಲಯ ಅರಣ್ಯಾಧಿಕಾರಿ ಕಡೆಯವರೂ ಇರುವಂತೆ ಲಿಖಿತವಾಗಿ ಕೇಳಿಕೊಳ್ಳಿ. ಅರಣ್ಯದ ಗಡಿಕಲ್ಲಿನಿಂದಲೇ ದೂರ ಅಳೆಯಬೇಕು, ಆನೆ ಕಂದಕದಿಂದ ಅಲ್ಲ. ಕಂದಕ ಎಲ್ಲ ಕಡೆ ಗಡಿಗೆ ಅಂಟಿಕೊಂಡಿರುವುದಿಲ್ಲ.

ಬಿ ಖರಾಬು ಸರ್ಕಾರಿ ಜಾಗ, ಲೆಕ್ಕಕ್ಕೆ ತರಬೇಡಿ. ಸಾಮಾನ್ಯವಾಗಿ ಅದು ಹಳ್ಳ ಅಥವಾ ಬಂಡಿದಾರಿ ಆಗಿರುತ್ತದೆ. ನಿಮ್ಮದು ಉಳಿಯುವುದು 57 ಗುಂಟೆ.

ಕಲಂ95: ‘ಇಟ್ಟಿಗೆ ಇಡೋ ಹಾಗಿಲ್ಲ’ ಅನ್ನುವ ಮಾತು 2022ರ ಜೂನ್ 3ರ ಸುಪ್ರೀಂ ಕೋರ್ಟ್ ಆದೇಶದಿಂದ ಹುಟ್ಟಿದ್ದು. ಅದರಲ್ಲಿ ಹೊಸ ಕಾಯಂ ಕಟ್ಟಡ ಬೇಡ ಎಂದಿತ್ತು. 2023ರ ಏಪ್ರಿಲ್ 26ರಂದು ಕೋರ್ಟೇ ಅದನ್ನು ಮಾರ್ಪಡಿಸಿತು. ಈಗ ನೋಡಬೇಕಾದ್ದು ಅಧಿಸೂಚನೆಯ ಷರತ್ತುಗಳನ್ನು.

ಹೊಸ ಹೋಟೆಲ್, ರೆಸಾರ್ಟ್, ವಾಣಿಜ್ಯ ಕಟ್ಟಡಗಳಿಗೆ ಗಡಿಯಿಂದ 1 ಕಿ.ಮೀ. ಅಥವಾ ವಲಯದ ಅಂಚು, ಯಾವುದು ಹತ್ತಿರವೋ ಅಲ್ಲಿವರೆಗೆ ಅವಕಾಶವಿಲ್ಲ. ಬನ್ನೇರುಘಟ್ಟದ ವಲಯವೇ 1 ಕಿ.ಮೀ. ದಾಟುವುದಿಲ್ಲವಾದ್ದರಿಂದ ಇಡೀ ವಲಯದಲ್ಲಿ ರೆಸಾರ್ಟ್ ಇಲ್ಲ ಅಂತಲೇ ಅರ್ಥ. ಸ್ಥಳೀಯರು ಸ್ವಂತ ಜಮೀನಿನಲ್ಲಿ ಸ್ವಂತ ಬಳಕೆಗೆ ಕಟ್ಟಡ ನಿಯಮದಂತೆ ಕಟ್ಟಬಹುದು.

ಎರಡು ದಾರಿಗಳಿವೆ. ಭೂಕಂದಾಯ ಕಾಯ್ದೆ 1964ರ ಕಲಂ 95(1)ರ ಪ್ರಕಾರ ಕನ್ವರ್ಷನ್ ಇಲ್ಲದೆ ತೋಟದ ಮನೆ ಕಟ್ಟಬಹುದು, ಹಿಡುವಳಿಯ ಶೇ. 10ರ ಒಳಗೆ. ನಿಮ್ಮ 57 ಗುಂಟೆಗೆ 5.7 ಗುಂಟೆ, ಅಂದರೆ ಸುಮಾರು 6,200 ಚದರಡಿ. ಮನೆಗೆ ಧಾರಾಳವಾಯ್ತು. ಆದರೆ ಅದನ್ನು ವಾಣಿಜ್ಯಕ್ಕೆ ಬಾಡಿಗೆ ಕೊಡುವಂತಿಲ್ಲ. ನಿಮ್ಮ ಯೋಜನೆ ಎಡವುವುದು ಇಲ್ಲೇ.

ಹೋಂಸ್ಟೇ ಬೇಕೇ ಬೇಕು ಅಂದರೆ ಕಲಂ 95(2)ರ ಕನ್ವರ್ಷನ್. ಮಾಸ್ಟರ್ ಪ್ಲಾನ್‌ನಲ್ಲಿ ಕೃಷಿ ವಲಯ ಅಂತಿದ್ದರೆ ಅದಕ್ಕೂ ಮೊದಲು ಯೋಜನಾ ಪ್ರಾಧಿಕಾರದಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14ಎ ಪ್ರಕಾರ ಭೂಬಳಕೆ ಬದಲಾವಣೆ ಆಗಬೇಕು. ಇಎಸ್‌ಜೆಡ್‌ನಲ್ಲಿ ಕೃಷಿಭೂಮಿಯ ಬದಲಾವಣೆಗೆ ಅಧಿಸೂಚನೆಯಡಿ ರಚಿಸಿದ ಉಸ್ತುವಾರಿ ಸಮಿತಿಯ ಶಿಫಾರಸು ಸೇರಿಕೊಳ್ಳುತ್ತದೆ; ಅವರು ನೋಡುವುದು ಸ್ಥಳೀಯರ ವಾಸದ ಅಗತ್ಯ. ಅದಕ್ಕೇ ವಾಸದ ಮನೆ ಮತ್ತು ಅದರೊಳಗಿನ ಎರಡು ಕೋಣೆ ಅಂತ ಅರ್ಜಿ ಹಾಕಿ. ಬಿಡಿ ಬಿಡಿ ಕಾಟೇಜ್‌ಗಳ ನಕ್ಷೆ ತೋರಿಸಿದರೆ ರೆಸಾರ್ಟ್ ಎಂದೇ ಓದಿಕೊಳ್ಳುತ್ತಾರೆ.

ರಾಗಿಹೊಲ: ಜಾಗದ ಒಂದು ಭಾಗಕ್ಕೆ ಮಾತ್ರ ಕನ್ವರ್ಷನ್ ಆಗುತ್ತದಾ? ಕಟ್ಟುವ ಜಾಗದಲ್ಲಿ ನಾಲ್ಕು ಮರ ಇವೆ.

ಹದ್ದುಬಸ್ತು: ಆಗುತ್ತದೆ, 11ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗವನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ) ಮಾಡಿಸಿ ಅಷ್ಟಕ್ಕೇ ಕೇಳಿ. ಉಳಿದದ್ದು ಹೊಲವಾಗಿಯೇ ಇದ್ದರೆ ಸಮಿತಿಗೂ ಒಪ್ಪಿಗೆ ಕೊಡುವುದು ಸುಲಭ. ಮರಕ್ಕೆ ಕೊಡಲಿ ಹಾಕುವ ಮೊದಲೇ ಅನುಮತಿ ಬೇಕು, ಸ್ವಂತ ಜಮೀನಾದರೂ ಸರಿ. ನಾಲ್ಕೇ ಮರ ಅಂದಿರಿ, ಪಾಯವನ್ನೇ ಸ್ವಲ್ಪ ಸರಿಸಿ, ಅವು ಇರಲಿ.

ಕಲಂ95: ಇನ್ನೊಂದು. ಕನ್ವರ್ಷನ್ ಆದೇಶ ಕೈಗೆ ಬಂತು ಅಂತ ಪಾಯ ತೆಗೆಯಬೇಡಿ. ಅದು ಭೂಬಳಕೆಗೆ ಒಪ್ಪಿಗೆ ಅಷ್ಟೇ. ಕಟ್ಟಡ ಪರವಾನಗಿ ಬೇರೆ, ಪಂಚಾಯತ್ ರಾಜ್ ಕಾಯ್ದೆ 1993ರ ಕಲಂ 64ರಡಿ ಪಂಚಾಯಿತಿಯಿಂದ ಬರಬೇಕು. ನಕ್ಷೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಯನ್ನು ಹಳ್ಳದಿಂದ ದೂರ, ಬೋರ್‌ವೆಲ್‌ಗಿಂತ ಇಳಿಜಾರಿನ ಕೆಳಗೆ ತೋರಿಸಿ. ಸಂಸ್ಕರಿಸದ ಕೊಳಚೆಯನ್ನು ಹಳ್ಳಕ್ಕೆ ಬಿಡುವುದು ವಲಯದಲ್ಲಿ ನಿಷಿದ್ಧ. ಆ ನೀರನ್ನು ಕೆಳಗಿನ ಹೊಲದವರ ದನವೂ ಕುಡಿಯುತ್ತದೆ, ಕಾಡಿನ ಆನೆಯೂ ಕುಡಿಯುತ್ತದೆ.