ಇ-ಪೇಪರ್ ಗಡಿಯಾರದಲ್ಲಿ ಸೆಕೆಂಡು ಬೇಕೇ?

ತಮ್ಮ: (ಮನೆಯವರ ಗುಂಪಿಗೆ ಹಾಕಿದ ವಿಡಿಯೊ) "ಕರೆಂಟು ಬೇಡದ ಗಡಿಯಾರ! 2.9 ಇಂಚಿನ ಇ-ಪೇಪರ್ (ಕಾಗದದಂತೆ ಕಾಣುವ ಪರದೆ), ಇಎಸ್‌ಪಿ32 ಬೋರ್ಡ್ (ಪರದೆ ನಡೆಸುವ ಪುಟ್ಟ ಕಂಪ್ಯೂಟರ್). ಸೆಕೆಂಡು ಸೆಕೆಂಡಿಗೂ ಬದಲಾಗುತ್ತದೆ, ಜೀವನವಿಡೀ ಬಾಳುತ್ತದೆ!"

ತಮ್ಮ: ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಗೆ ಹೋಗಿ ಇಂಥ ಎರಡು ಪರದೆಯ ಫಲಕ ತರುತ್ತೇನೆ. ಒಂದು ನಮಗೆ, ಒಂದು ರಾಯಚೂರಿನ ಅತ್ತೆಗೆ.

ಅತ್ತೆ: ನನಗೆ ಗಡಿಯಾರ ಬೇಡಪ್ಪ, ಗೋಡೆಯ ಮೇಲೆ ಒಂದಿದೆ. ಅದರಲ್ಲಿ ಪಂಚಾಂಗ ಬರುತ್ತದೆಯೇ, ಅದನ್ನು ಹೇಳು.

ನಾನು: ಈ ವಿಡಿಯೊ ನಂಬಿ ಕೊಳ್ಳಬೇಡ. ಚಿತ್ರ ಸುಮ್ಮನೆ ನಿಂತಿರುವಾಗ ಕರೆಂಟು ಬೇಡ ಎಂಬುದು ನಿಜ. ಚಿತ್ರ ಬದಲಾಗುವಾಗ ಬೇಕು. ಬೋರ್ಡಿನ 3.3 ವೋಲ್ಟನ್ನು ಏರಿಸಿ, ಸುಮಾರು 15 ವೋಲ್ಟನ್ನು ಅತ್ತಲೂ ಇತ್ತಲೂ ಕೊಟ್ಟು ಪರದೆಯೊಳಗಿನ ಕಪ್ಪು ಬಿಳಿ ಕಣಗಳನ್ನು ಸರಿಸುತ್ತಾರೆ. ಇನ್ನು ಬಾಳಿಕೆ. ಇಂಥ ಸಣ್ಣ ಫಲಕಗಳಿಗೆ ಸಾಮಾನ್ಯವಾಗಿ ಹೇಳುವ ಅಂದಾಜು 10 ಲಕ್ಷ ರಿಫ್ರೆಶ್, ಅಂದರೆ ಅಷ್ಟು ಸಲ ಚಿತ್ರ ಬದಲಾವಣೆ. ದಿನಕ್ಕೆ 86,400 ಸೆಕೆಂಡು. ನೀನೇ ಭಾಗಿಸು.

ತಮ್ಮ: ಹನ್ನೆರಡು ದಿನವೂ ಇಲ್ಲ!

ತಮ್ಮ: ಆದರೆ ಅಣ್ಣ, ಅದು ಪಾರ್ಶಿಯಲ್ ರಿಫ್ರೆಶ್. ಅಂಕಿ ಇರುವಷ್ಟೇ ಜಾಗ ಬದಲಾಗುತ್ತದೆ, ಮಿನುಗುವುದೂ ಇಲ್ಲ. ಅದನ್ನು ಪೂರ್ತಿ ರಿಫ್ರೆಶ್ ಎಂದು ಲೆಕ್ಕ ಹಾಕುವುದು ಸರಿಯೇ?

ಚಿಕ್ಕಪ್ಪ: ಹುಡುಗ ಸರಿಯಾಗಿಯೇ ಕೇಳಿದ್ದಾನೆ. 180 ಸೆಕೆಂಡಿಗಿಂತ ಬೇಗ ರಿಫ್ರೆಶ್ ಮಾಡಬೇಡಿ ಎಂದು ಮಾರುವವರು ಬರೆಯುತ್ತಾರಲ್ಲ, ಅದು ತಮ್ಮ ಮೇಲೆ ದೂರು ಬಾರದಿರಲೆಂದು. ಇ-ಪುಸ್ತಕ ಓದುವ ನನ್ನ ಕಿಂಡಲ್‌ನಲ್ಲಿ ನಿಮಿಷಕ್ಕೊಮ್ಮೆ ಪುಟ ತಿರುವುತ್ತೇನೆ. ವರ್ಷಗಟ್ಟಲೆ ಓದಿದರೂ ಅಕ್ಷರ ಮಾಸಿಲ್ಲ. ಅದೂ ಇ-ಇಂಕ್, ಅಂದರೆ ಇ-ಪೇಪರ್; ಇದೂ ಅದೇ. ಬಳಸಲು ಹೆದರುವ ವಸ್ತುವನ್ನು ಕೊಳ್ಳುವುದಾದರೂ ಏಕೆ?

ನಾನು: ಚಿಕ್ಕಪ್ಪ, ಕಿಂಡಲ್ಲಿನ ಲೆಕ್ಕವನ್ನೇ ಹಾಕೋಣ. ದಿನಕ್ಕೆ 200 ಪುಟ ತಿರುವಿದರೂ 10 ಲಕ್ಷ ಮುಟ್ಟಲು 5,000 ದಿನ ಬೇಕು, ಹದಿಮೂರು ವರ್ಷ ದಾಟುತ್ತದೆ. ನೀವು ಓದು ಮುಗಿಸಿ ಇಟ್ಟ ಮೇಲೆ ಅದು ಇಡೀ ರಾತ್ರಿ ಸುಮ್ಮನಿರುತ್ತದೆ. ಗಡಿಯಾರಕ್ಕೆ ರಾತ್ರಿಯೂ ಬಿಡುವಿಲ್ಲ. ಜೊತೆಗೆ ಓದುವ ಸಾಧನದಲ್ಲಿ ಆ ಫಲಕಕ್ಕೆಂದೇ ಹೊಂದಿಸಿದ ವೋಲ್ಟೇಜ್ ಕ್ರಮವಿರುತ್ತದೆ, ಸಮಯಕ್ಕೆ ಸರಿಯಾಗಿ ವಿದ್ಯುತ್ ಕಡಿಯಲು ಪ್ರತ್ಯೇಕ ಚಿಪ್ ಇರುತ್ತದೆ. ಇವನ ಮೇಜಿನ ಮೇಲೆ ಆ ಕೆಲಸವನ್ನೆಲ್ಲ ಇವನು ಬರೆದ ಪ್ರೋಗ್ರಾಮೇ ಮಾಡಬೇಕು.

ನಾನು: ಪಾರ್ಶಿಯಲ್ ಬಗ್ಗೆ. ಕಪ್ಪು ಕಣಕ್ಕೆ ಒಂದು ವಿದ್ಯುದಂಶ, ಬಿಳಿಯದಕ್ಕೆ ಅದರ ವಿರುದ್ಧದ್ದು. ಪೂರ್ಣ ರಿಫ್ರೆಶ್‌ನಲ್ಲಿ ಪರದೆ ಕಪ್ಪು, ಬಿಳಿ, ಕಪ್ಪು ಎಂದು ಮಿನುಗುತ್ತದಲ್ಲ, ಕಣ್ಣಿಗೆ ಕಿರಿಕಿರಿಯಾದರೂ ಅದಕ್ಕೆ ಅರ್ಥವಿದೆ. ಒಂದು ಕಡೆಗೆ ತಳ್ಳಿದಷ್ಟನ್ನು ಇನ್ನೊಂದು ಕಡೆಗೂ ತಳ್ಳಿ ಸಮ ಮಾಡುವ ಕ್ರಮ ಅದು. 2.9 ಇಂಚಿನ ಕಪ್ಪು ಬಿಳುಪು ಫಲಕಕ್ಕೆ ಇದಕ್ಕೆ ಎರಡು ಸೆಕೆಂಡು ಹಿಡಿಯುತ್ತದೆ. ಪಾರ್ಶಿಯಲ್ ಸುಮಾರು 0.3 ಸೆಕೆಂಡಿನಲ್ಲಿ ಮುಗಿಯುವುದು ಈ ಶುದ್ಧಿಯನ್ನು ಬಿಟ್ಟು ಹಾರುವುದರಿಂದಲೇ. ಉಳಿದ ಬಾಕಿ ಪ್ರತಿ ಸಲವೂ ಅಷ್ಟಷ್ಟೇ ಸೇರುತ್ತ ಹೋಗುತ್ತದೆ. ಮೊದಲು ಹಳೆಯ ಅಂಕಿಯ ಮಾಸಲು ಗುರುತು ಕಾಣುತ್ತದೆ. ಆಗಲೇ ಪೂರ್ಣ ರಿಫ್ರೆಶ್ ಕೊಟ್ಟರೆ ಹೋಗುತ್ತದೆ. ಕೊಡದೆ ಓಡಿಸುತ್ತಲೇ ಇದ್ದರೆ ಒಂದು ಹಂತದ ಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಅಕ್ಕ: ಇದು ನಿಜ. ನನ್ನ ಸಹೋದ್ಯೋಗಿಯ ಮೇಜಿನ ಮೇಲೆ ಇಂಥ ಫಲಕವಿದೆ. ನಿಮಿಷದ ಅಂಕಿ ಇದ್ದ ಮೂಲೆ ಮಾತ್ರ ಬೂದು ಬಣ್ಣಕ್ಕೆ ತಿರುಗಿದೆ, ಉಳಿದ ಪರದೆ ಹೊಸದರಂತಿದೆ.

ಚಿಕ್ಕಪ್ಪ: ಹಾಗಾದರೆ ಐದು ಪಾರ್ಶಿಯಲ್‌ಗೆ ಒಂದು ಪೂರ್ಣ ಎಂದು ಪ್ರೋಗ್ರಾಮ್ ಬರೆದರೆ ಮುಗಿಯಿತು. ಮೂರು ನಿಮಿಷದ ಮಡಿ ಏಕೆ?

ನಾನು: ಮೂರು ನಿಮಿಷ ಲಕ್ಷ್ಮಣರೇಖೆ ಅಲ್ಲ ಎಂಬುದನ್ನು ಒಪ್ಪುತ್ತೇನೆ. ಗುಂಡಿ ಒತ್ತಿ ಮೆನುವಿನಲ್ಲಿ ನಾಲ್ಕು ಸಲ ಕೆಳಗಿಳಿದರೆ ಫಲಕ ಸಾಯುವುದಿಲ್ಲ. ಎಣಿಸಬೇಕಾದದ್ದು ಒಟ್ಟು ಮೊತ್ತವನ್ನು. ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 1,440, ಎರಡು ವರ್ಷದೊಳಗೆ 10 ಲಕ್ಷ. ಮೂರು ನಿಮಿಷಕ್ಕೊಮ್ಮೆ ಎಂದರೆ ಐದೂವರೆ ವರ್ಷ ದಾಟುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ ಬರೀ 96. ಹೊರಗಿನ ಉಷ್ಣಾಂಶ ತೋರಿಸಲು ಹದಿನೈದು ನಿಮಿಷ ಸಾಕು. ಸೆಕೆಂಡು ಓಡಲೇಬೇಕೆಂದರೆ ಎಲ್‌ಸಿಡಿ ಇದೆ, ಒಎಲ್‌ಇಡಿ ಇದೆ. ಇ-ಪೇಪರ್ ಹುಟ್ಟಿರುವುದೇ ಒಮ್ಮೆ ಬರೆದು ಬಹಳ ಹೊತ್ತು ಓದುವುದಕ್ಕೆ. ಅದರ ಕೈಯಲ್ಲಿ ಸೆಕೆಂಡು ಎಣಿಸಿಸಿ ಅದನ್ನು ಕೊಲ್ಲುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬೋರ್ಡಿಗಿಂತ ಫಲಕವೇ ದುಬಾರಿ, ಕೆಟ್ಟರೆ ರಿಪೇರಿ ಎಂಬುದಿಲ್ಲ, ನೇರ ಇ-ತ್ಯಾಜ್ಯಕ್ಕೆ.

ತಮ್ಮ: ನಾನು ಬೋರ್ಡನ್ನು ಗಾಢ ನಿದ್ದೆಗೆ, ಅಂದರೆ ಡೀಪ್ ಸ್ಲೀಪ್‌ಗೆ ಕಳುಹಿಸುತ್ತೇನೆ, ಆಗ ಎಲ್ಲವೂ ನಿಲ್ಲುತ್ತದೆಯಲ್ಲವೇ?

ನಾನು: ಇಲ್ಲ! ಎಲ್ಲಕ್ಕಿಂತ ಹೆಚ್ಚು ಫಲಕಗಳು ಹಾಳಾಗುವುದು ಇದೇ ನಂಬಿಕೆಯಿಂದ ಎಂದು ನನ್ನ ಅನಿಸಿಕೆ. ಬೋರ್ಡ್ ಮಲಗಿದರೆ ಫಲಕ ಮಲಗಿತು ಎಂದಲ್ಲ. ಫಲಕದ ಒಳಗೆ ಬೇರೆ ಚಿಪ್ ಇದೆ, ಅದಕ್ಕೆ ಬೇರೆಯಾಗಿಯೇ ಹೇಳಬೇಕು. ಹೇಳದಿದ್ದರೆ ಆ ಏರಿಸಿದ ವೋಲ್ಟೇಜ್ ಪರದೆಯ ಮೇಲೆ ಗಂಟೆಗಟ್ಟಲೆ ನಿಂತು ಪೊರೆಯನ್ನು ಕೆಡಿಸುತ್ತದೆ. ನೀನು ಜಿಎಕ್ಸ್‌ಇಪಿಡಿ2 ಲೈಬ್ರರಿ (ಇ-ಪೇಪರ್ ನಡೆಸುವ ಸಿದ್ಧ ಪ್ರೋಗ್ರಾಮ್) ಬಳಸುತ್ತಿದ್ದರೆ ಚಿತ್ರ ಬರೆದ ಕೂಡಲೇ "ಹೈಬರ್ನೇಟ್" ಕರೆ, ಆಮೇಲೆ ಬೋರ್ಡಿನ ನಿದ್ದೆ. ಪವರ್ ಆಫ್ ಎಂಬ ಇನ್ನೊಂದು ಕರೆಯೂ ಇದೆ. ಅದು ವೋಲ್ಟೇಜನ್ನಷ್ಟೇ ಆರಿಸುತ್ತದೆ. ಹೈಬರ್ನೇಟ್ ಚಿಪ್ಪನ್ನೂ ಮಲಗಿಸುತ್ತದೆ. ಅದನ್ನು ಎಬ್ಬಿಸುವುದು ರೀಸೆಟ್ ತಂತಿಯಿಂದ. ಒಂದು ಪಿನ್ ಉಳಿಸಲೆಂದು ಆ ತಂತಿ ಬಿಟ್ಟವರು, ಮಾರನೆಯ ದಿನ ಫಲಕ ಏಳದಿದ್ದಾಗ ಕೆಟ್ಟುಹೋಯಿತೆಂದು ಎಸೆಯುತ್ತಾರೆ.

ತಮ್ಮ: ರೀಸೆಟ್ ತಂತಿ ಬಿಡುವುದಿಲ್ಲ. ಬರೆದಿಟ್ಟುಕೊಂಡೆ.

ಅತ್ತೆ: ನನ್ನ ಪಂಚಾಂಗ ಎಲ್ಲರಿಗೂ ಮರೆತೇಹೋಯಿತು.

ನಾನು: ಅತ್ತೆ, ಇಷ್ಟು ಮಾತಿನಲ್ಲಿ ಇ-ಪೇಪರಿಗೆ ಒಪ್ಪುವ ಕೆಲಸ ಹೇಳಿದವರು ನೀವೊಬ್ಬರೇ. ಬೆಳಿಗ್ಗೆ ಐದಕ್ಕೆ ಒಮ್ಮೆ ಬದಲಾದರೆ ಸಾಕು: ವಾರ, ಸೂರ್ಯೋದಯದ ತಿಥಿ, ಅದು ಮುಗಿಯುವ ಹೊತ್ತು, ನಕ್ಷತ್ರ, ರಾಹುಕಾಲ. ಒಂದೇ ಚಿತ್ರವನ್ನು ವಾರಗಟ್ಟಲೆ ಬಿಟ್ಟರೂ ಗುರುತು ಉಳಿಯುತ್ತದೆ, 24 ಗಂಟೆಗೆ ಒಮ್ಮೆಯಾದರೂ ರಿಫ್ರೆಶ್ ಮಾಡಿ ಎನ್ನುತ್ತಾರೆ. ಪಂಚಾಂಗ ಆ ನಿಯಮವನ್ನು ತಾನಾಗಿಯೇ ಪಾಲಿಸುತ್ತದೆ.

ಅತ್ತೆ: ಜಗಲಿಯ ಕಂಬಕ್ಕೆ ನೇತುಹಾಕುತ್ತೇನೆ. ಹೋಗುವವರು ಬರುವವರು ನೋಡಲಿ.

ನಾನು: ಜಗಲಿ ಬೇಡ, ದಯವಿಟ್ಟು. ಈ ಫಲಕಗಳಿಗೆ ಹೇಳಿರುವ ಮಿತಿ 0ಯಿಂದ 50 ಡಿಗ್ರಿ. ಕೆಂಪು ಬಣ್ಣವೂ ಇರುವ ಅನೇಕ ಫಲಕಗಳಿಗೆ 40ರವರೆಗೆ ಮಾತ್ರ. ನಿಮ್ಮೂರಿನ ಬೇಸಿಗೆಯಲ್ಲಿ ನೆರಳಿನಲ್ಲೇ 40 ದಾಟುತ್ತದೆ, ಬಿಸಿಲು ಬಿದ್ದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ನೇರ ಬಿಸಿಲಿನ ನೇರಳಾತೀತ ಕಿರಣವೂ ಇದಕ್ಕೆ ಶತ್ರು. ದೇವರಮನೆಯ ಗೋಡೆ ಸರಿಯಾದ ಜಾಗ, ದೀಪದ ಬಿಸಿ ತಾಗದಷ್ಟು ದೂರದಲ್ಲಿ.

ಚಿಕ್ಕಪ್ಪ: ಕೆಂಪು ಬೇಕೇ ಬೇಕು. ಹಬ್ಬದ ದಿನ ಕೆಂಪಕ್ಷರವಿಲ್ಲದ ಪಂಚಾಂಗ ಯಾರು ನೋಡುತ್ತಾರೆ?

ಅಕ್ಕ: ಚಿಕ್ಕಪ್ಪ, ಕೆಂಪಿನ ಫಲಕ ಒಮ್ಮೆ ಬದಲಾಗಲು ಹದಿನೈದು ಸೆಕೆಂಡಿನಷ್ಟು ಹಿಡಿಯುತ್ತದೆ. ದಿನಕ್ಕೊಮ್ಮೆಯಾದರೆ ಅದು ತೊಂದರೆಯಲ್ಲ, ಶಾಖದ ಮಿತಿಯೇ ತೊಂದರೆ. ರಾಯಚೂರಿಗೆ ಕಪ್ಪು ಬಿಳುಪೇ ಇರಲಿ, ಹಬ್ಬದ ಹೆಸರನ್ನು ಕಪ್ಪು ಪಟ್ಟಿಯ ಮೇಲೆ ಬಿಳಿಯಲ್ಲಿ ಬರೆಯುತ್ತೇನೆ. ಅಕ್ಷರದ ಕೆಲಸ ನನ್ನದು. ಆ ಲೈಬ್ರರಿಗೆ ನೇರವಾಗಿ ಕನ್ನಡ ಕೊಟ್ಟರೆ ಒತ್ತಕ್ಷರ ಕೂಡುವುದಿಲ್ಲ, "ಕೃಷ್ಣ ಪಕ್ಷ" ಚೂರು ಚೂರಾಗುತ್ತದೆ. ಕಂಪ್ಯೂಟರಿನಲ್ಲೇ ಪೈಥಾನ್‌ನ ಪಿಲ್ಲೊ ಎಂಬ ಚಿತ್ರದ ಲೈಬ್ರರಿ ಬಳಸಿ ಚಿತ್ರ ಮಾಡಿಬಿಡುತ್ತೇನೆ. 296ಕ್ಕೆ 128 ಚುಕ್ಕೆ, ಅಂದರೆ ಒಂದು ದಿನಕ್ಕೆ 4,736 ಬೈಟ್. ಇಡೀ ವರ್ಷದ್ದು ಒಂದೇ ಕಡತದಲ್ಲಿ 2 ಎಂಬಿಗಿಂತ ಕಡಿಮೆ, 4 ಎಂಬಿ ಇರುವ ಬೋರ್ಡಿನಲ್ಲಿ ಹಿಡಿಯುತ್ತದೆ. ಅತ್ತೆಯ ಮನೆಯ ವೈಫೈ ಬೇಕಾಗಿಲ್ಲ.

ತಮ್ಮ: ವೈಫೈ ಇಲ್ಲದಿದ್ದರೆ ಸಮಯ ತಪ್ಪುತ್ತದೆ. ಡಿಎಸ್3231 ಗಡಿಯಾರದ ಚಿಪ್ ಹಾಕಿ, ಅದರ ಅಲಾರಾಂನಿಂದಲೇ ಬೋರ್ಡನ್ನು ಎಬ್ಬಿಸುತ್ತೇನೆ.

ನಾನು: ಒಳ್ಳೆಯ ಯೋಚನೆ. ಪೆಟ್ಟಿಗೆ ಮಾಡುವಾಗ ರಿಬ್ಬನ್ ಕೇಬಲ್ ಗಾಜಿನ ಅಂಚಿಗೆ ಅಂಟಿರುವ ಕಡೆ ಮಡಿಸಬೇಡ, ಒತ್ತಡವೂ ಬೀಳಬಾರದು. ಅಲ್ಲಿ ಒಂದು ಎಳೆ ಕಡಿದರೆ ಪರದೆಯ ಉದ್ದಕ್ಕೂ ಗೆರೆ ಮೂಡುತ್ತದೆ, ಬೆಸುಗೆ ಹಾಕಿ ಸರಿಮಾಡಲು ಬರುವುದಿಲ್ಲ. ಎಂದಾದರೂ ಬಿಚ್ಚಿ ಎತ್ತಿಡುವುದಾದರೆ ಮೊದಲು ಪೂರ್ತಿ ಬಿಳಿ ಮಾಡಿ ಇಡು.

ಚಿಕ್ಕಪ್ಪ: ಪಂಚಾಂಗಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ನನ್ನ ಮೇಜಿಗೆ ನಿಮಿಷದ ಗಡಿಯಾರವೇ ಬೇಕು, ಇ-ಪೇಪರಿನದೇ ಬೇಕು. ಎರಡು ವರ್ಷ ಬಾಳಿದರೆ ಎರಡು ವರ್ಷ. ಕಣ್ಣಿಗೆ ಅಷ್ಟು ಹಿತವಾದ ಅಕ್ಷರ ಬೇರೆ ಯಾವುದರಲ್ಲೂ ಇಲ್ಲ.

ನಾನು: ಕಣ್ಣಿನ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ, ಚಿಕ್ಕಪ್ಪ. ಆದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಆ ಎಂಟು ಗಂಟೆ ಅದು ಮಲಗಲಿ, ಮೂರರಲ್ಲಿ ಒಂದು ಪಾಲು ರಿಫ್ರೆಶ್ ಉಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪೂರ್ಣ ರಿಫ್ರೆಶ್ ಇರಲಿ. ಪ್ರತಿ ನಿಮಿಷವೂ ಬರೆದ ಕೂಡಲೇ ವೋಲ್ಟೇಜ್ ಆರಬೇಕು.

ಚಿಕ್ಕಪ್ಪ: ರಾತ್ರಿಯದು ಒಪ್ಪಿದೆ. ಹತ್ತು ನಿಮಿಷಕ್ಕೊಮ್ಮೆ ಮಿನುಗುವುದು ಬೇಡ, ಗಂಟೆಗೊಮ್ಮೆ ಇರಲಿ.

ನಾನು: ಗಂಟೆಗೊಮ್ಮೆ ತೀರ ಕಡಿಮೆ. ಹದಿನೈದಕ್ಕೆ ಇಳಿಯಿರಿ.

ತಮ್ಮ: ನೀವಿಬ್ಬರೂ ಒಂದು ಸಂಖ್ಯೆ ತೀರ್ಮಾನಿಸಿ ಹೇಳಿ. ಶನಿವಾರ ಎರಡು ಫಲಕ ತರುತ್ತೇನೆ, ಒಂದು ಅತ್ತೆಗೆ, ಒಂದು ಚಿಕ್ಕಪ್ಪನಿಗೆ. ನನ್ನ ಸೆಕೆಂಡಿನ ಗಡಿಯಾರಕ್ಕೆ ಒಎಲ್‌ಇಡಿ ನೋಡುತ್ತೇನೆ.